ಎಕ್ಸ್‌ಕ್ಲೂಸಿವ್ ಗೇಮ್ ನೋಡಿ ಕನ್ಸೋಲ್ ತಗೊಳ್ಳೋದಾ? ಪಿಎಸ್5, ಎಕ್ಸ್‌ಬಾಕ್ಸ್, ನಿಂಟೆಂಡೊ, ಪಿಸಿ ಹೋಲಿಕೆ

ಶಿವಮೊಗ್ಗದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದಿದೆ. ಅಜ್ಜ ಕೊಟ್ಟಿದ್ದು, ಅಪ್ಪ ಕೊಟ್ಟಿದ್ದು, ತಾನು ಕೂಡಿಟ್ಟಿದ್ದು ಎಲ್ಲ ಸೇರಿ ಕೈಯಲ್ಲಿ ಅರವತ್ತು ಸಾವಿರ ರೂಪಾಯಿ ಇದೆ. "ಮಾವ, ಪಿಎಸ್5 ತಗೊಳ್ಳಲಾ, ಎಕ್ಸ್‌ಬಾಕ್ಸ್ ತಗೊಳ್ಳಲಾ, ಇಲ್ಲಾ ಪಿಸಿ ಕಟ್ಟಿಸಲಾ? ನೀವು ಹೇಳಿದ್ದೇ ಫೈನಲ್" ಅಂದ.

ನಾನು ಯಾವ ಹೆಸರನ್ನೂ ಹೇಳಲಿಲ್ಲ. "ಮೊದಲು ಒಂದು ಹಾಳೆ ತಗೋ. ಇನ್ನೆರಡು ವರ್ಷದಲ್ಲಿ ನೀನು ನಿಜವಾಗ್ಲೂ ಆಡಬೇಕು ಅಂದುಕೊಂಡಿರೋ ಹತ್ತು ಗೇಮ್ ಬರೆದು ಕಳಿಸು" ಅಂದೆ. ಅರ್ಧ ಗಂಟೆಯಲ್ಲಿ ವಾಟ್ಸಾಪ್‌ಗೆ ಫೋಟೋ ಬಂತು. ಗೆರೆ ಇರುವ ನೋಟ್‌ಬುಕ್ ಹಾಳೆ, ನೀಲಿ ಪೆನ್ನು. ಘೋಸ್ಟ್ ಆಫ್ ಯೋಟೇ, ಸ್ಪೈಡರ್‌ಮ್ಯಾನ್ 2, ಗಾಡ್ ಆಫ್ ವಾರ್ ರಾಗ್ನರಾಕ್, ಜಿಟಿಎ 6, ಇಎ ಎಫ್‌ಸಿ, ಫೋರ್ಜಾ ಹೊರೈಜನ್ 5, ಜೆಲ್ಡಾ, ಆಸ್ಟ್ರೋ ಬಾಟ್, ಎಲ್ಡನ್ ರಿಂಗ್, ಕಾಲ್ ಆಫ್ ಡ್ಯೂಟಿ. ಜಿಟಿಎ ಕೆಳಗೆ ಎರಡು ಗೆರೆ.

ಆ ಹಾಳೆ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕನ್ಸೋಲ್ ಅಂದರೆ ಗೇಮ್ ಆಡೋಕೇ ಮಾಡಿದ ಮೆಷಿನ್. ಪಿಎಸ್5, ಅಂದರೆ ಪ್ಲೇಸ್ಟೇಷನ್ 5, ಸೋನಿಯದ್ದು, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನದ್ದು. ಯಾವ ಕನ್ಸೋಲ್ ಅನ್ನುವ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಒಂದು ಗೇಮ್ ಒಂದೇ ಕಂಪನಿಯ ಮೆಷಿನ್‌ನಲ್ಲಿ ಮಾತ್ರ ಬರೋದು ಆಡುವವರಿಗೆ ಒಳ್ಳೇದಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ದುಡ್ಡು ಗೇಮ್ ಮಾಡುವುದಕ್ಕೆ ಹೋಗಿದ್ದರೆ ಒಳ್ಳೇದು. ಅದೇ ದುಡ್ಡು ಬೇರೆಯವರಿಗೆ ಗೇಮ್ ಸಿಗದ ಹಾಗೆ ಮಾಡುವುದಕ್ಕೆ ಹೋಗಿದ್ದರೆ ಕೆಟ್ಟದ್ದು. ಎರಡಕ್ಕೂ ಎಕ್ಸ್‌ಕ್ಲೂಸಿವ್ ಅಂತ ಒಂದೇ ಹೆಸರು ಇರೋದರಿಂದ ಜಗಳ ಯಾವತ್ತೂ ಮುಗಿಯುವುದಿಲ್ಲ.

ದುಡ್ಡು ಎಲ್ಲಿಗೆ ಹೋಯಿತು ನೋಡಿ

ಒಳ್ಳೇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಬೇಯೊನೆಟಾ. ಮೊದಲ ಭಾಗ 2009ರಲ್ಲಿ ಪಿಎಸ್3 ಮತ್ತು ಎಕ್ಸ್‌ಬಾಕ್ಸ್ 360 ಎರಡರಲ್ಲೂ ಬಂತು. ಎರಡನೇ ಭಾಗದ ಕೆಲಸ ನಡುವೆ ನಿಂತುಹೋಗುವ ಹಂತಕ್ಕೆ ಬಂದಾಗ ದುಡ್ಡು ಹಾಕಿದ್ದು ನಿಂಟೆಂಡೊ. ಹಾಗಾಗಿ 2014ರಲ್ಲಿ ಅದು ವೀ ಯು ಅನ್ನುವ ನಿಂಟೆಂಡೊ ಮೆಷಿನ್‌ನಲ್ಲಿ ಮಾತ್ರ ಬಂತು. ಮೊದಲ ಭಾಗ ಆಡಿದವರಿಗೆ ಸಿಟ್ಟು ಬಂತು. ಬರೋದು ಸಹಜ ಕೂಡ. ಆದರೆ ಅದನ್ನು ಮಾಡಿದ ಪ್ಲಾಟಿನಮ್ ಗೇಮ್ಸ್‌ನವರು ನಿಂಟೆಂಡೊ ಇಲ್ಲದಿದ್ದರೆ ಈ ಗೇಮ್ ಇರುತ್ತಲೇ ಇರಲಿಲ್ಲ ಅಂತ ನೇರವಾಗಿ ಹೇಳಿದರು. ಅಂದರೆ ಅಲ್ಲಿ ಆಯ್ಕೆ ಇದ್ದದ್ದು ಒಂದು ಮೆಷಿನ್ಗೂ ಎಲ್ಲ ಮೆಷಿನ್ಗೂ ನಡುವೆ ಅಲ್ಲ. ಒಂದು ಮೆಷಿನ್ಗೂ ಏನೂ ಇಲ್ಲದಿರೋದಕ್ಕೂ ನಡುವೆ.

ಸೋನಿಯ ದೊಡ್ಡ ಗೇಮ್‌ಗಳ ಲೆಕ್ಕವೂ ಹೀಗೇ. 2023ರ ಜೂನ್‌ನಲ್ಲಿ ಅಮೆರಿಕದ ಕೋರ್ಟಿನಲ್ಲಿ ಮೈಕ್ರೋಸಾಫ್ಟ್ ವಿರುದ್ಧದ ಕೇಸು ನಡೆಯುವಾಗ ಸೋನಿ ಕೊಟ್ಟ ಕಾಗದಗಳಲ್ಲಿ ಗುಟ್ಟಿನ ಅಂಕಿಗಳ ಮೇಲೆ ಯಾರೋ ಕಪ್ಪು ಮಾರ್ಕರ್ ಪೆನ್ನಿನಿಂದ ಬಳಿದಿದ್ದರು. ಸ್ಕ್ಯಾನ್ ಮಾಡಿದಾಗ ಮಸಿಯ ಅಡಿಯಿಂದ ಅಕ್ಷರಗಳು ಹಾಗೇ ಕಂಡವು. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಮಾಡಲು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್ ಮಾಡಲು 21.2 ಕೋಟಿ ಡಾಲರ್. ಇವು ಒಬ್ಬರೇ ಕೂತು ಕಥೆಯಂತೆ ಆಡಿ ಮುಗಿಸುವ ಗೇಮ್‌ಗಳು. ಆಟದ ಒಳಗೆ ದಿನಾ ದಿನಾ ದುಡ್ಡು ಕೀಳುವ ಅಂಗಡಿ ಇವುಗಳಲ್ಲಿಲ್ಲ. ಮತ್ತೆ ಇಷ್ಟು ದುಡ್ಡು ಯಾಕೆ ಸುರಿಯುತ್ತಾರೆ? ಆ ಗೇಮ್ ನೋಡಿ ನೀವು ಪಿಎಸ್5 ತಗೊಳ್ಳುತ್ತೀರಿ. ಆಮೇಲೆ ಅದೇ ಮೆಷಿನ್‌ನ ಸ್ಟೋರ್‌ನಲ್ಲಿ ಐದು ವರ್ಷ ಬೇರೆಯವರ ಗೇಮ್ ಕೊಳ್ಳುತ್ತೀರಿ. ಅದರ ಪ್ರತಿ ಮಾರಾಟದಲ್ಲೂ ಸುಮಾರು 30 ಪರ್ಸೆಂಟ್ ಸೋನಿಗೆ. ದೊಡ್ಡ ಗೇಮ್‌ಗಳಿಗೆ ಅಷ್ಟು ಪುರುಸೊತ್ತು, ಅಷ್ಟು ದುಡ್ಡು ಸಿಗೋದು ಈ ಲೆಕ್ಕದಿಂದಲೇ. ಇದರಲ್ಲಿ ಆಡುವವರಿಗೆ ಲಾಭ ಇದೆ. ನಾನು ಇದನ್ನು ಮನಸ್ಸಿನಿಂದ ಒಪ್ಪುತ್ತೇನೆ.

ಈಗ ಇನ್ನೊಂದು ಬಗೆ. 2013ರ ಟೂಂಬ್ ರೈಡರ್ ಎಲ್ಲ ಕಡೆ ಬಂದಿತ್ತು. ಅದರ ಮುಂದಿನ ಭಾಗ ಎಕ್ಸ್‌ಬಾಕ್ಸ್‌ಗೆ ಮಾತ್ರ ಅಂತ 2014ರ ಆಗಸ್ಟ್‌ನಲ್ಲಿ ಗೇಮ್ಸ್‌ಕಾಮ್ ಅನ್ನುವ ಗೇಮ್ ಮೇಳದ ವೇದಿಕೆಯಲ್ಲಿ ಹೇಳಿದರು. ಒಪ್ಪಂದಕ್ಕೆ ಕಾಲಮಿತಿ ಇದೆ ಅನ್ನೋದು ಆಮೇಲೆ ಗೊತ್ತಾಯಿತು. ಎಕ್ಸ್‌ಬಾಕ್ಸ್‌ಗೆ 2015ರ ನವೆಂಬರ್, ಪಿಸಿಗೆ 2016ರ ಜನವರಿ, ಪಿಎಸ್4ಗೆ 2016ರ ಅಕ್ಟೋಬರ್. ಹಿಂದಿನ ಭಾಗ ಎಲ್ಲರದ್ದೂ ಆಗಿತ್ತು. ಪ್ಲೇಸ್ಟೇಷನ್‌ನಲ್ಲಿ ಅದನ್ನು ಪ್ರೀತಿಸಿದವರಿಗೆ ಸಿಕ್ಕಿದ್ದು ಹನ್ನೊಂದು ತಿಂಗಳ ಕಾಯುವಿಕೆ. ಎಕ್ಸ್‌ಬಾಕ್ಸ್‌ನವರಿಗೆ ಇದರಿಂದ ಜಾಸ್ತಿ ಸಿಕ್ಕಿದ್ದಾದರೂ ಏನು? ಪಕ್ಕದ ಮನೆಗೆ ಹಬ್ಬದೂಟ ತಡವಾದರೆ ನಮ್ಮ ಎಲೆಗೆ ಇನ್ನೊಂದು ಹೋಳಿಗೆ ಬೀಳುವುದಿಲ್ಲ, ಅಲ್ವಾ.

ಪಿಸಿಯಲ್ಲೂ ಇದು ನಡೆಯಿತು. ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ಪಿಸಿ ಗೇಮ್ ಮಾರುವ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್ ಪ್ರತಿ ಮಾರಾಟದಲ್ಲಿ 30 ಪರ್ಸೆಂಟ್ ತಗೊಳ್ಳುವಾಗ ಇವರು 12 ಪರ್ಸೆಂಟ್ ಸಾಕು ಅಂದರು. ಗೇಮ್ ಮಾಡುವವರಿಗೆ ಅದು ಒಳ್ಳೇದೇ. ಆದರೆ ಮೆಟ್ರೋ ಎಕ್ಸೋಡಸ್ ಬಿಡುಗಡೆಗೆ ಕೆಲವೇ ವಾರ ಇರುವಾಗ ಅದನ್ನು ಸ್ಟೀಮ್‌ನಿಂದ ತೆಗೆದು ಒಂದು ವರ್ಷ ಎಪಿಕ್‌ಗೆ ಮಾತ್ರ ಮಾಡಿದರು. ಕಂಟ್ರೋಲ್ ಅನ್ನುವ ಗೇಮ್‌ಗೆ ಎಪಿಕ್ ಕಡೆಯಿಂದ ಸುಮಾರು 95 ಲಕ್ಷ ಯೂರೋ ಹೋದದ್ದು ಪ್ರಕಾಶಕರ ಲೆಕ್ಕಪತ್ರದಲ್ಲೇ ಕಂಡಿತು. ಅದೇ ಎಪಿಕ್ ಆಮೇಲೆ ಅಲನ್ ವೇಕ್ 2 ಗೇಮ್‌ಗೆ ತಾನೇ ದುಡ್ಡು ಹಾಕಿ 2023ರಲ್ಲಿ ಹೊರತಂದಿತು. ಹದಿಮೂರು ವರ್ಷದಿಂದ ಜನ ಕಾಯುತ್ತಿದ್ದ ಎರಡನೇ ಭಾಗ ಅದು. ಪಿಸಿಯಲ್ಲಿ ಅದು ಎಪಿಕ್‌ನಲ್ಲಿ ಮಾತ್ರ ಸಿಗುವುದರ ಬಗ್ಗೆ ನನಗೆ ತಕರಾರಿಲ್ಲ. ಒಂದೇ ಕಂಪನಿ ಎರಡೂ ಕೆಲಸ ಮಾಡಬಹುದು. ಅದಕ್ಕೇ ಕಂಪನಿಯ ಪಕ್ಷ ಕಟ್ಟಿಕೊಂಡು ಜಗಳ ಆಡಬೇಡಿ. ಒಂದೊಂದು ಗೇಮ್ ಹಿಡಿದು ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಿ.

ಮೂರನೇ ಬಗೆ, ನನಗೆ ಎಲ್ಲಕ್ಕಿಂತ ಬೇಜಾರು ತಂದದ್ದು, ಇರುವ ಕಂಪನಿಯನ್ನೇ ಕೊಂಡು ಬಾಗಿಲು ಹಾಕುವುದು. ಗೇಮ್ ಮಾಡುವ ಬೆಥೆಸ್ಡಾ ಕಂಪನಿಯ ಮಾತೃಸಂಸ್ಥೆಯನ್ನು ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಂಡು 2021ರ ಮಾರ್ಚ್‌ನಲ್ಲಿ ವ್ಯವಹಾರ ಮುಗಿಸಿತು. ರೆಡ್‌ಫಾಲ್ ಗೇಮ್‌ಗೆ ಪಿಎಸ್5 ಆವೃತ್ತಿಯ ಕೆಲಸ ನಡೆದಿತ್ತು, ಅದನ್ನು ಕೈಬಿಟ್ಟರು. ಸ್ಟಾರ್‌ಫೀಲ್ಡ್ 2023ರಲ್ಲಿ ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಮಾತ್ರ ಬಂತು. ಅದೇ ವರ್ಷ, ಕಾಲ್ ಆಫ್ ಡ್ಯೂಟಿ ಮಾಡುವ ಆಕ್ಟಿವಿಷನ್ ಬ್ಲಿಜಾರ್ಡ್‌ ಅನ್ನು ಮೈಕ್ರೋಸಾಫ್ಟ್ 6,870 ಕೋಟಿ ಡಾಲರ್‌ಗೆ ಕೊಳ್ಳುವ ವಿಷಯ ಕೋರ್ಟಿಗೆ ಹೋಯಿತು. ಆಗ ಕಟಕಟೆಗೆ ಬಂದವರು ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾಡೆಲ್ಲ. ನಮ್ಮ ಮಣಿಪಾಲದಲ್ಲೇ ಎಂಜಿನಿಯರಿಂಗ್ ಓದಿದವರು. ನನ್ನ ಕೈಯಲ್ಲಿದ್ದರೆ ಕನ್ಸೋಲ್ ಎಕ್ಸ್‌ಕ್ಲೂಸಿವ್‌ಗಳನ್ನು ಪೂರ್ತಿ ತೆಗೆದುಹಾಕುತ್ತಿದ್ದೆ, ಆದರೆ ಮುಂದೆ ಇರುವ ಸೋನಿ ಆಟದ ನಿಯಮವನ್ನು ಹಾಗೆ ಮಾಡಿಟ್ಟಿದೆ ಅನ್ನುವ ಅರ್ಥದ ಮಾತು ಅಲ್ಲಿ ಹೇಳಿದರು.

ಆಶ್ಚರ್ಯ ಅಂದರೆ ಮುಂದೆ ಮೈಕ್ರೋಸಾಫ್ಟ್ ಆ ಮಾತಿನ ದಾರಿಯಲ್ಲೇ ಬಹಳ ದೂರ ಹೋಯಿತು. 2024ರ ಫೆಬ್ರವರಿಯಲ್ಲಿ ಸೀ ಆಫ್ ಥೀವ್ಸ್, ಹೈ-ಫೈ ರಶ್, ಗ್ರೌಂಡೆಡ್, ಪೆಂಟಿಮೆಂಟ್ ಈ ನಾಲ್ಕನ್ನು ಬೇರೆ ಕನ್ಸೋಲ್‌ಗೆ ಬಿಡುತ್ತೇವೆ ಅಂದರು. 2025ರ ಏಪ್ರಿಲ್‌ನಲ್ಲಿ ಇಂಡಿಯಾನಾ ಜೋನ್ಸ್, ಫೋರ್ಜಾ ಹೊರೈಜನ್ 5 ಎರಡೂ ಪಿಎಸ್5ಗೆ ಬಂದವು. ಆಗಸ್ಟ್‌ನಲ್ಲಿ ಗೇರ್ಸ್ ಆಫ್ ವಾರ್ ಬಂತು. ಅಕ್ಟೋಬರ್‌ನಲ್ಲಿ ಹೇಲೋ ಕೂಡ ಪಿಎಸ್5ಗೆ ಬರುತ್ತದೆ ಅಂದರು. 2001ರ ನವೆಂಬರ್‌ನಲ್ಲಿ ಮೊದಲ ಎಕ್ಸ್‌ಬಾಕ್ಸ್ ಮಾರಾಟವಾದದ್ದೇ ಹೇಲೋ ಬಲದಿಂದ. ಅದಕ್ಕೂ ಹಿಂದೆ, 1999ರಲ್ಲಿ, ಆ ಗೇಮ್ ಮೊದಲು ಕಂಡದ್ದು ಸ್ಟೀವ್ ಜಾಬ್ಸ್ ನಿಂತಿದ್ದ ಮ್ಯಾಕ್ ವೇದಿಕೆಯ ಮೇಲೆ. ಮರುವರ್ಷ ಮೈಕ್ರೋಸಾಫ್ಟ್ ಅದನ್ನು ಮಾಡುತ್ತಿದ್ದ ಬಂಜಿ ಕಂಪನಿಯನ್ನೇ ಕೊಂಡಿತು. ಕಾಲು ಶತಮಾನ ಒಂದು ಬ್ರಾಂಡಿನ ಮುಖವಾಗಿದ್ದ ಗೇಮ್ ಈಗ ಎದುರಾಳಿಯ ಮೆಷಿನ್‌ಗೆ ಹೋಗುತ್ತಿದೆ ಅಂದರೆ, ಇವತ್ತಿನ ಗೋಡೆ ನಂಬಿ ಅರವತ್ತು ಸಾವಿರ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

"ಒಂದೇ ಮೆಷಿನ್ ಆದ್ರೆ ಗೇಮ್ ಚೆನ್ನಾಗಿರುತ್ತೆ" ಅನ್ನೋ ಮಾತು

ಇದು ಅರ್ಧ ನಿಜ. ಜೆಲ್ಡಾ ಟಿಯರ್ಸ್ ಆಫ್ ದ ಕಿಂಗ್‌ಡಮ್ 2023ರಲ್ಲಿ ಬಂತು. ಓಡಿದ್ದು ನಿಂಟೆಂಡೊದ 2017ರ ಸ್ವಿಚ್ ಮೆಷಿನ್‌ನಲ್ಲಿ, ಬರೀ 4 ಜಿಬಿ ರ‍್ಯಾಮ್‌ನಲ್ಲಿ. ಎರಡು ಹಲಗೆ, ಒಂದು ಚಕ್ರ, ಒಂದು ಫ್ಯಾನ್ ಅಂಟಿಸಿ ಹಾರುವ ಬಂಡಿ ಮಾಡಿ, ಆಕಾಶದ ದ್ವೀಪದಿಂದ ಜಿಗಿದರೆ ನೆಲದ ಕೆಳಗಿನ ಕತ್ತಲೆಯ ತನಕ ಎಲ್ಲೂ ಲೋಡಿಂಗ್ ಪರದೆ ಇಲ್ಲದೆ ಬೀಳಬಹುದು. ಆ ಚಿಕ್ಕ ಮೆಷಿನ್‌ನ ಮೂಲೆ ಮೂಲೆ ಗೊತ್ತಿರುವವರು ಮಾತ್ರ ಮಾಡಬಹುದಾದ ಕೆಲಸ ಅದು. ಆಡುವಾಗ ಮೈ ಜುಮ್ಮೆನ್ನುತ್ತದೆ.

ಇನ್ನರ್ಧ ಜಾಹೀರಾತು. 2021ರಲ್ಲಿ ರಾಚೆಟ್ ಅಂಡ್ ಕ್ಲಾಂಕ್ ರಿಫ್ಟ್ ಅಪಾರ್ಟ್ ಬಂದಾಗ ಇದು ಪಿಎಸ್5ನ ವೇಗದ ಎಸ್‌ಎಸ್‌ಡಿ (ಗೇಮ್ ತುಂಬಿಡುವ ಡ್ರೈವ್) ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಅನ್ನುವ ಧಾಟಿಯಲ್ಲಿ ಪ್ರಚಾರ ನಡೆಯಿತು. ಎರಡು ವರ್ಷ ಆದ ಮೇಲೆ ಪಿಸಿಗೆ ಬಂತು, ಸಾಧಾರಣ ಎಸ್‌ಎಸ್‌ಡಿಯಲ್ಲೂ ಚೆನ್ನಾಗೇ ಓಡಿತು. ತಿರುಗಾಮುರುಗಾ ಕೂಡ ಆಗುತ್ತದೆ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ 2023ರ ಮಾರ್ಚ್‌ನಲ್ಲಿ ಬಂದಾಗ ಶುರುವಾಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು, ನಡುನಡುವೆ ಕ್ರ್ಯಾಶ್ ಆಗುತ್ತಿತ್ತು. ಅದನ್ನು ಸರಿ ಮಾಡಲು ಒಂದರ ಹಿಂದೆ ಒಂದು ಅಪ್‌ಡೇಟ್ ಬೇಕಾದವು.

ಹಾಳೆಯ ಮೇಲೆ ಗೆರೆ ಎಳೆಯೋದು

ಈಗ ಹುಡುಗನ ಪಟ್ಟಿಗೆ ಬರೋಣ. ನಿಮ್ಮ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೊದಲು ಪಿಎಸ್5, ಎಕ್ಸ್‌ಬಾಕ್ಸ್, ಪಿಸಿ ಮೂರರಲ್ಲೂ ಸಿಗುವುದನ್ನು ಹೊಡೆದು ಹಾಕಿ. ಇಎ ಎಫ್‌ಸಿ, ಎಲ್ಡನ್ ರಿಂಗ್, ಕಾಲ್ ಆಫ್ ಡ್ಯೂಟಿ, ಈಗ ಫೋರ್ಜಾ ಹೊರೈಜನ್ 5 ಕೂಡ. ನಾಲ್ಕು ಹೋಯಿತು. ಮೆಷಿನ್ ಆರಿಸುವುದರಲ್ಲಿ ಇವುಗಳ ಪಾತ್ರ ಏನೂ ಇಲ್ಲ.

ಆಮೇಲೆ ಕಾದರೆ ಸಿಗುವುದನ್ನು ಅರ್ಧ ಗೆರೆಯಲ್ಲಿ ಹೊಡೆಯಿರಿ. ರಾಗ್ನರಾಕ್ 2022ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂದಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಪಿಸಿಗೆ ಬಂತು. ಸ್ಪೈಡರ್‌ಮ್ಯಾನ್ 2 ಹದಿನೈದು ತಿಂಗಳು ತಗೊಂಡು 2025ರ ಜನವರಿಯಲ್ಲಿ ಬಂತು. ಘೋಸ್ಟ್ ಆಫ್ ತ್ಸುಶಿಮಾಕ್ಕೆ ಸುಮಾರು ನಾಲ್ಕು ವರ್ಷ ಬೇಕಾಯಿತು. ಆದರೆ ಕಾಯುವುದು ಬೇರೆ, ಭರವಸೆ ಬೇರೆ. ಬ್ಲಡ್‌ಬಾರ್ನ್ 2015ರಲ್ಲಿ ಪಿಎಸ್4ಗೆ ಬಂತು. ಹತ್ತು ವರ್ಷ ದಾಟಿದರೂ ಪಿಸಿ ಕಡೆ ಮುಖ ಹಾಕಿಲ್ಲ. ಅದಕ್ಕಾಗಿ ಕಾದು ಕೂತವರ ನೋವು ನನಗೆ ಗೊತ್ತು, ನಾನೂ ಅವರಲ್ಲಿ ಒಬ್ಬ. ಹಾಗಾಗಿ ಈಗಾಗಲೇ ಪಿಸಿಗೆ ಬಂದಿರುವುದಕ್ಕೆ ಮಾತ್ರ ಅರ್ಧ ಗೆರೆ. ಬರಬಹುದು ಅನ್ನುವುದಕ್ಕೆ ಗೆರೆ ಹಾಕಬೇಡಿ.

ಉಳಿದದ್ದು ನಾಲ್ಕು. ಘೋಸ್ಟ್ ಆಫ್ ಯೋಟೇ ಮತ್ತು ಆಸ್ಟ್ರೋ ಬಾಟ್ ಪಿಎಸ್5ಗೆ, ಜೆಲ್ಡಾ ನಿಂಟೆಂಡೊಗೆ. ಜಿಟಿಎ 6 ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎರಡಕ್ಕೂ ಬರುತ್ತದೆ, ಅದನ್ನು ಮಾಡುವ ರಾಕ್‌ಸ್ಟಾರ್ ಕಂಪನಿ ಹೇಳಿರುವ ದಿನ 2026ರ ನವೆಂಬರ್ 19. ಪಿಸಿಗೆ ಅಂತ ಹೇಳಿಲ್ಲ. ಇವರದ್ದು ಹಳೇ ಅಭ್ಯಾಸ. ಜಿಟಿಎ 5 ಕನ್ಸೋಲ್‌ಗೆ 2013ರಲ್ಲಿ ಬಂದರೆ ಪಿಸಿಗೆ 2015ರ ಏಪ್ರಿಲ್. ರೆಡ್ ಡೆಡ್ ರಿಡಂಪ್ಷನ್ 2 ಪಿಸಿಗೆ ಬರಲು ಒಂದು ವರ್ಷ. ಇದು ಕಂಪನಿಗಳ ನಡುವಿನ ಗೋಡೆ ಅಲ್ಲ, ಆದರೂ ಪಿಸಿಯವರಿಗೆ ಫಲ ಒಂದೇ. ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೇ ದೊಡ್ಡ ಸ್ಟುಡಿಯೋ ಇದೆ. 1997ರಲ್ಲಿ ಇಲ್ಲೇ ಹುಟ್ಟಿದ ಧ್ರುವ ಇಂಟರಾಕ್ಟಿವ್ 2019ರಲ್ಲಿ ಅದರೊಳಗೆ ಸೇರಿತು. ನಮ್ಮೂರಿನ ಪಿಸಿ ಹುಡುಗರಿಗೂ ಮೊದಲ ದಿನವೇ ಈ ಗೇಮ್ ಸಿಗಲಿ ಅಂತ ನನಗೆ ತುಂಬ ಆಸೆ ಇತ್ತು.

ಪಿಎಸ್5

ಕಥೆ ಇರುವ ದೊಡ್ಡ ಗೇಮ್ ಬಂದ ವಾರವೇ ಆಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕಿಲ್ಲ. ಎಕ್ಸ್‌ಬಾಕ್ಸ್ ಗೇಮ್‌ಗಳೂ ಇಲ್ಲಿಗೆ ಬರುತ್ತಿರುವುದರಿಂದ ಗೋಡೆಯ ಎರಡೂ ಕಡೆಯ ಲಾಭ ಇದಕ್ಕೇ ಸಿಗುತ್ತಿದೆ.

ತಗೊಂಡರೆ ಡಿಸ್ಕ್ ಇರುವುದನ್ನೇ ತಗೊಳ್ಳಿ. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಮಾಡೆಲ್ ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 54,990 ರೂಪಾಯಿ, ಡಿಜಿಟಲ್‌ಗೆ 44,990 ರೂಪಾಯಿ ಇತ್ತು. ಈಗಿನ ಬೆಲೆ ಅಂಗಡಿಯಲ್ಲಿ ಕೇಳಿ. ಹತ್ತು ಸಾವಿರ ಉಳಿಯಿತು ಅಂತ ಡಿಜಿಟಲ್‌ಗೆ ಹೋದರೆ ಮೂರ್ನಾಲ್ಕು ಗೇಮ್‌ನಲ್ಲೇ ಅದು ಕೈಬಿಟ್ಟು ಹೋಗುತ್ತದೆ. ಪಿಎಸ್5 ಬಂದಾಗಲೇ ಡೀಮನ್ಸ್ ಸೋಲ್ಸ್ ಒಂದಕ್ಕೇ 4,999 ರೂಪಾಯಿ ಇತ್ತು. ಇಷ್ಟು ದುಬಾರಿ ಗೇಮ್ ಒಂದು ಸಲ ಮುಗಿದ ಮೇಲೆ ಮಾರುವ, ಅದಲುಬದಲು ಮಾಡುವ ದಾರಿ ಬೇಕು. ಅದಕ್ಕಿರುವುದು ಡಿಸ್ಕ್ ಒಂದೇ.

ನನ್ನ ಹತ್ತಿರ ಪಿಎಸ್4 ಕಾಲದ ಸ್ಪೈಡರ್‌ಮ್ಯಾನ್ ಡಿಸ್ಕ್ ಒಂದಿದೆ. 2018ರಲ್ಲಿ ವಿಜಯನಗರದ ರೂಮಿನಲ್ಲಿದ್ದಾಗ ನಾಲ್ಕು ಜನ ಸೇರಿ ಕೊಂಡದ್ದು. ಡಬ್ಬದ ಒಂದು ಮೂಲೆ ಒಡೆದಿದೆ. ಒಳಗೆ ಬಿಎಂಟಿಸಿ ಟಿಕೆಟ್ ಹಿಂದೆ ಬರೆದ ನಾಲ್ಕು ಹೆಸರು, ಪಕ್ಕದಲ್ಲಿ ತಗೊಂಡ ದಿನ, ಕೊಟ್ಟ ದಿನ. ಮೂರನೆಯವನು ಹನ್ನೆರಡು ದಿನ ಇಟ್ಟುಕೊಂಡ ಅಂತ ನಾಲ್ಕನೆಯವನು ಅಡ್ಡಕ್ಕೆ ಕೆಂಪು ಪೆನ್ನಲ್ಲಿ ಗೀಚಿದ್ದಾನೆ. ತಲೆಗೆ ಸಾವಿರಕ್ಕೆ ಸರಿಯಾಗಿ ಬಿದ್ದ ಆ ಗೇಮ್ ನಾಲ್ವರೂ ಪೂರ್ತಿ ಆಡಿದೆವು. ಇದನ್ನು ಡಿಜಿಟಲ್ ಆವೃತ್ತಿಯಲ್ಲಿ ಮಾಡೋಕೆ ಆಗಲ್ಲ. ಎಕ್ಸ್‌ಕ್ಲೂಸಿವ್ ಗೇಮ್‌ನ ಡಿಸ್ಕ್‌ಗೆ ಸೆಕೆಂಡ್ ಹ್ಯಾಂಡ್‌ನಲ್ಲೂ ಬೇಡಿಕೆ ಚೆನ್ನಾಗಿರುತ್ತದೆ, ಬೇಗ ಮಾರಿದರೆ ಹಾಕಿದ ದುಡ್ಡಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ.

ಒಂದು ಖರ್ಚು ಜನ ಮರೆಯುತ್ತಾರೆ. ಎಫ್‌ಸಿಯಂತಹ ಗೇಮ್ ಆನ್‌ಲೈನ್‌ನಲ್ಲಿ ಆಡಲು ಪಿಎಸ್ ಪ್ಲಸ್ ಚಂದಾ ಬೇಕು. ಫೋರ್ಟ್‌ನೈಟ್ ತರಹದ ಉಚಿತ ಗೇಮ್‌ಗಳಿಗೆ ಬೇಡ. ಪಿಸಿಯಲ್ಲಿ ಆನ್‌ಲೈನ್ ಆಡೋಕೆ ಇಂಥ ಚಂದಾ ಇಲ್ಲ.

ಎಕ್ಸ್‌ಬಾಕ್ಸ್

ಎಕ್ಸ್‌ಕ್ಲೂಸಿವ್ ಕಾರಣಕ್ಕೆ ಇದನ್ನು ತಗೊಳ್ಳಿ ಅಂತ ನಾನು ಇವತ್ತು ಹೇಳಲಾರೆ. ಇಲ್ಲಿ ಬರುವುದು ಅದೇ ದಿನ ಪಿಸಿಗೂ ಬರುತ್ತದೆ, ಎಷ್ಟೋ ಗೇಮ್ ಆಮೇಲೆ ಪಿಎಸ್5ಗೂ ಬರುತ್ತದೆ. ಫೋರ್ಜಾ ಹೊರೈಜನ್ 6 ಕೂಡ ಮೊದಲು ಎಕ್ಸ್‌ಬಾಕ್ಸ್, ಪಿಸಿಗೆ, ನಂತರ ಪಿಎಸ್5ಗೆ ಅಂತಲೇ ಹೇಳಿದ್ದಾರೆ.

ಇದರ ಬಲ ಗೇಮ್ ಪಾಸ್. ತಿಂಗಳಿಗೆ ಇಷ್ಟು ಅಂತ ಕೊಟ್ಟು ತುಂಬ ಗೇಮ್ ರುಚಿ ನೋಡಬಹುದು. ಆದರೆ ಅಮೆರಿಕದಲ್ಲಿ ಅದರ ಅಲ್ಟಿಮೇಟ್ ಅನ್ನುವ ದೊಡ್ಡ ಪ್ಲಾನ್‌ನ ತಿಂಗಳ ಚಂದಾ 2025ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 20 ಡಾಲರ್‌ನಿಂದ 30 ಡಾಲರ್ ಹತ್ತಿರಕ್ಕೆ ಹೋಯಿತು ಅನ್ನೋದು ನೆನಪಿರಲಿ. ಚಂದಾ ನಿಲ್ಲಿಸಿದರೆ ಗೇಮ್‌ಗಳೂ ನಿಲ್ಲುತ್ತವೆ. ಒಂದು ಒಳ್ಳೆ ಗುಣ ಅಂದರೆ ಪ್ಲೇ ಎನಿವೇರ್ ಅಂತ ಗುರುತು ಇರುವ ಗೇಮ್ ಒಂದು ಸಲ ಕೊಂಡರೆ ಎಕ್ಸ್‌ಬಾಕ್ಸ್‌ನಲ್ಲೂ ವಿಂಡೋಸ್ ಪಿಸಿಯಲ್ಲೂ ನಿಮ್ಮದೇ. ಎಲ್ಲ ಕಂಪನಿಗಳೂ ಹೀಗೆ ಮಾಡಬೇಕಿತ್ತು.

ಎಕ್ಸ್‌ಬಾಕ್ಸ್‌ನ ಚಿಕ್ಕ ಮಾಡೆಲ್ ಸೀರೀಸ್ ಎಸ್ ಅಗ್ಗ ಅಂತ ನೋಡುತ್ತಿದ್ದರೆ ಬಾಲ್ಡರ್ಸ್ ಗೇಟ್ 3 ಕಥೆ ಕೇಳಿ. ಅದು ಪಿಸಿಗೆ 2023ರ ಆಗಸ್ಟ್‌ನಲ್ಲಿ, ಪಿಎಸ್5ಗೆ ಸೆಪ್ಟೆಂಬರ್‌ನಲ್ಲಿ ಬಂತು. ಎಕ್ಸ್‌ಬಾಕ್ಸ್‌ಗೆ ಬಂದಾಗ ಡಿಸೆಂಬರ್. ಯಾರೂ ದುಡ್ಡು ಕೊಟ್ಟು ತಡೆದಿರಲಿಲ್ಲ. ಒಂದೇ ಟಿವಿಯಲ್ಲಿ ಇಬ್ಬರು ಪರದೆ ಹಂಚಿಕೊಂಡು ಆಡುವುದನ್ನು ಸೀರೀಸ್ ಎಸ್ ತಡೆದುಕೊಳ್ಳಲಿಲ್ಲ. ಕೊನೆಗೆ ಆ ಮಾಡೆಲ್‌ಗೆ ಆ ಸೌಲಭ್ಯ ಬಿಟ್ಟೇ ಬಿಡುಗಡೆ ಮಾಡಿದರು.

ನಿಂಟೆಂಡೊ

ಹೊರಗೆ ಎಲ್ಲೂ ಬರದ ಗೇಮ್‌ಗಳು ಅಂದರೆ ಇವರದ್ದೇ. ಮಾರಿಯೋ, ಜೆಲ್ಡಾ, ಮಾರಿಯೋ ಕಾರ್ಟ್ ಇವನ್ನು ಪಿಸಿಯಲ್ಲೋ ಪಿಎಸ್‌ನಲ್ಲೋ ನಿರೀಕ್ಷಿಸಬೇಡಿ. ಕಾದರೆ ಬೆಲೆ ಇಳಿಯುತ್ತದೆ ಅನ್ನುವುದೂ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅಜ್ಜಿಯಿಂದ ಮೊಮ್ಮಗಳ ತನಕ ಸೋಫಾದಲ್ಲಿ ಕೂತು ಒಟ್ಟಿಗೆ ಆಡಬೇಕು ಅಂದರೆ ಇದಕ್ಕೆ ಸಮನಾದದ್ದು ಇಲ್ಲ.

ತೊಂದರೆ ನಮ್ಮ ದೇಶದ್ದು. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. 2025ರ ಜೂನ್ 5ರಂದು ಸ್ವಿಚ್ 2 ಬಂದಾಗಲೂ ನಮ್ಮ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ತಂದದ್ದು. ವಾರಂಟಿ ಅಂದರೆ ಅಂಗಡಿಯವರ ಬಾಯಿಮಾತು. ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್ ಭಾರತಕ್ಕೆ ಇಲ್ಲದ್ದರಿಂದ ಬೇರೆ ದೇಶದ ಅಕೌಂಟ್ ಮಾಡಿಕೊಳ್ಳಬೇಕು. ತಗೊಳ್ಳುವ ಮುಂಚೆ ರಿಪೇರಿ ಯಾರು ಮಾಡಿಕೊಡುತ್ತಾರೆ ಅಂತ ಕೇಳಿ, ಆ ಮಾತನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ ರಾಜಿ ಅನ್ನುವ ಗೇಮ್, ನಮ್ಮ ಪುರಾಣದ ಲೋಕದಲ್ಲಿ ತಮ್ಮನನ್ನು ಹುಡುಕಿ ಹೋಗುವ ಹುಡುಗಿಯ ಕಥೆ, 2020ರ ಆಗಸ್ಟ್‌ನಲ್ಲಿ ಮೊದಲು ಬಂದದ್ದು ಸ್ವಿಚ್‌ನಲ್ಲಿ ಮಾತ್ರ. ಉಳಿದ ಕಡೆಗೆ ಅಕ್ಟೋಬರ್‌ನಲ್ಲಿ. ಚಿಕ್ಕ ತಂಡಕ್ಕೆ ಅಂಥ ದೊಡ್ಡ ವೇದಿಕೆ ಸಿಕ್ಕಿತಲ್ಲ, ಅದು ನನಗೆ ಖುಷಿ. ಆದರೆ ಭಾರತದ ಗೇಮ್ ಮೊದಲು ಬಂದ ಮೆಷಿನ್, ಭಾರತದಲ್ಲಿ ಅಧಿಕೃತವಾಗಿ ಸಿಗದ ಮೆಷಿನ್. ಎರಡು ತಿಂಗಳು ನಮ್ಮ ಮಕ್ಕಳಿಗಿಂತ ಮೊದಲು ಬೇರೆ ದೇಶದ ಮಕ್ಕಳು ಅದನ್ನು ಆಡಿದರು.

ಇನ್ನೊಂದು. ಒಂದೇ ಮೆಷಿನ್‌ಗೆ ಕಟ್ಟಿದ ಗೇಮ್, ಆ ಮೆಷಿನ್ ಜೊತೆಗೇ ಮುಳುಗಬಹುದು. ವೀ ಯು ಮತ್ತು 3ಡಿಎಸ್ ಅನ್ನುವ ಹಳೆ ನಿಂಟೆಂಡೊ ಮೆಷಿನ್‌ಗಳ ಆನ್‌ಲೈನ್ ಅಂಗಡಿಗಳಲ್ಲಿ 2023ರ ಮಾರ್ಚ್‌ನಲ್ಲಿ ಮಾರಾಟ ನಿಂತಿತು. ಡಿಸ್ಕ್ ಇಲ್ಲದೆ ಅಲ್ಲಿ ಮಾತ್ರ ಇದ್ದ ಗೇಮ್‌ಗಳನ್ನು ಇವತ್ತು ನ್ಯಾಯವಾಗಿ ಕೊಳ್ಳೋಕೆ ದಾರಿಯೇ ಇಲ್ಲ. 2015ರ ಜೆನೋಬ್ಲೇಡ್ ಕ್ರಾನಿಕಲ್ಸ್ ಎಕ್ಸ್ ಅದೃಷ್ಟ ಮಾಡಿತ್ತು, 2025ರಲ್ಲಿ ಸ್ವಿಚ್‌ಗೆ ಬಂತು. ಎಲ್ಲಕ್ಕೂ ಆ ಭಾಗ್ಯ ಇಲ್ಲ. ಎಕ್ಸ್‌ಕ್ಲೂಸಿವ್‌ಗಳ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ಪಿಸಿ

ಕಾಯುವ ತಾಳ್ಮೆ ಇರುವವರ ಜಾಗ ಇದು. ಸೋನಿಯ ಹಳೆ ಗೇಮ್‌ಗಳು, ಎಕ್ಸ್‌ಬಾಕ್ಸ್‌ನ ಹೊಸ ಗೇಮ್‌ಗಳು, ಕನ್ಸೋಲ್ ಕಡೆ ತಲೆ ಹಾಕದ ಸಾವಿರಾರು ಚಿಕ್ಕ ಗೇಮ್‌ಗಳು ಒಂದೇ ಕಡೆ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ, ಯುಪಿಐ ನಡೆಯುತ್ತದೆ, ಬೇಸಿಗೆ ಮತ್ತು ಚಳಿಗಾಲದ ಸೇಲ್‌ನಲ್ಲಿ ಬೆಲೆ ಅರ್ಧಕ್ಕೂ ಕೆಳಗೆ ಹೋಗುತ್ತದೆ. ಎಪಿಕ್ ವಾರ ವಾರ ಗೇಮ್ ಸುಮ್ನೆ ಕೊಡುತ್ತದೆ. ಇವತ್ತು ಕೊಂಡ ಗೇಮ್ ನಾಳೆ ಹೊಸ ಪಿಸಿ ತಗೊಂಡರೂ ಓಡುತ್ತದೆ.

ಆದರೆ ಮೊದಲ ಖರ್ಚು ದೊಡ್ಡದು. ಅರವತ್ತು ಸಾವಿರ ಹಿಡಿದು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಪಿಎಸ್5ಗೆ ಸಮನಾದ ಹೊಸ ಪಿಸಿ ಕಟ್ಟಿಸುವುದು ಕಷ್ಟ. ಅದೂ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಮೇಲೆ ಇನ್ನೂ ಕಷ್ಟ. ಮಾನಿಟರ್, ಯುಪಿಎಸ್ ಬೇರೆ. ಓದಿಗೆ, ಕೆಲಸಕ್ಕೆ ಹೇಗೂ ಒಳ್ಳೆ ಪಿಸಿ ಬೇಕೇ ಬೇಕು ಅಂತಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಗೇಮ್‌ಗೆ ಹಾಕುವ ಹೆಚ್ಚುವರಿ ದುಡ್ಡು ಗ್ರಾಫಿಕ್ಸ್ ಕಾರ್ಡ್‌ನದ್ದು ಮಾತ್ರ.

ಡಿಸ್ಕ್ ಇಲ್ಲದ್ದರಿಂದ ಇಂಟರ್ನೆಟ್ ಮೇಲೆ ಎಲ್ಲ ನಿಂತಿದೆ. ಒಂದು ರಾತ್ರಿ ನೂರು ಜಿಬಿಗೂ ದೊಡ್ಡ ಗೇಮ್ ಹಾಕಿ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ 61 ಪರ್ಸೆಂಟ್. ಮೂರು ಗಂಟೆಗೆ ಕರೆಂಟ್ ಹೋಗಿದೆ. ಅಷ್ಟರಲ್ಲಿ ತಿಂಗಳ ಡೇಟಾ ಮಿತಿ ಮುಗಿದು ವೇಗವೂ ಬಿದ್ದುಹೋಗಿದೆ. ಮುಂದಿನ ಬಿಲ್ ತನಕ ಆ ಗೇಮ್ ಮುಟ್ಟಲಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಡೇಟಾ ಎಷ್ಟು ಅಂತ ಮೊದಲು ನೋಡಿಕೊಳ್ಳಿ.

ಗೆಳೆಯರು ಎಲ್ಲಿದ್ದಾರೆ?

ಆನ್‌ಲೈನ್‌ನಲ್ಲಿ ಜಾಸ್ತಿ ಆಡುವವರಿಗೆ ಎಕ್ಸ್‌ಕ್ಲೂಸಿವ್ ಪಟ್ಟಿಗಿಂತ ಇದೇ ಮುಖ್ಯ. ಮೊದಲೆಲ್ಲ ಗೆಳೆಯನದ್ದು ಎಕ್ಸ್‌ಬಾಕ್ಸ್, ನಿಮ್ಮದು ಪ್ಲೇಸ್ಟೇಷನ್ ಆದರೆ ಒಟ್ಟಿಗೆ ಆಡುವ ಹಾಗೇ ಇರಲಿಲ್ಲ. ಫೋರ್ಟ್‌ನೈಟ್ ಆಡುವವರ ಒತ್ತಡದಿಂದ ಸೋನಿ 2018ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆಗೆಯಿತು. ಫುಟ್‌ಬಾಲ್ ಗೇಮ್‌ಗೆ ಈ ಸೌಲಭ್ಯ ಫಿಫಾ 23ರಿಂದ ಬಂತು. ಹೆಲ್‌ಡೈವರ್ಸ್ 2ನಂತಹ ಸೋನಿ ಗೇಮ್ ಕೂಡ 2025ರ ಆಗಸ್ಟ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಹೋಯಿತು. ಆಡುವವರು ಸೇರಿ ಗಟ್ಟಿಯಾಗಿ ಕೇಳಿದರೆ ಗೋಡೆ ಬೀಳುತ್ತದೆ ಅನ್ನುವುದಕ್ಕೆ ಫೋರ್ಟ್‌ನೈಟ್ ಸಾಕ್ಷಿ. ಆದರೂ ನಿಮ್ಮ ಗುಂಪು ಆಡುವ ಗೇಮ್‌ಗೆ ಕ್ರಾಸ್‌ಪ್ಲೇ, ಅಂದರೆ ಬೇರೆ ಬೇರೆ ಮೆಷಿನ್‌ನವರು ಒಟ್ಟಿಗೆ ಆಡುವ ಸೌಲಭ್ಯ, ಇದೆಯಾ ಅಂತ ಹೆಸರು ಹಿಡಿದು ನೋಡಿ.

ಹುಡುಗನ ಹಾಳೆಗೆ ಗೆರೆ ಎಳೆದು ವಾಪಸ್ ಕಳಿಸಿದೆ. ಲ್ಯಾಪ್‌ಟಾಪ್ ಹೇಗೂ ಕಾಲೇಜಿಗೆ ಅಂತ ಅಪ್ಪ ಕೊಡಿಸುತ್ತಾರಂತೆ, ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಉಳಿದ ನಾಲ್ಕರಲ್ಲಿ ಮೂರು ಪಿಎಸ್5ನಲ್ಲೇ ಆಗುತ್ತವೆ, ಅರ್ಧ ಗೆರೆಯ ಎರಡಕ್ಕೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಗುತ್ತದೆ. ಡಿಸ್ಕ್ ಇರುವ ಪಿಎಸ್5 ತಗೋ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮೆಸೇಜ್ ಬಂತು. "ಸರಿ ಮಾವ. ಆದ್ರೆ ಜೆಲ್ಡಾ?"

"ನನ್ನ ಸ್ವಿಚ್ ಕಪಾಟಿನಲ್ಲೇ ಇದೆ. ರಜೆ ಮುಗಿಯೋದ್ರೊಳಗೆ ಬೆಂಗಳೂರಿಗೆ ಬಾ, ಹತ್ತು ದಿನ ಇದ್ದು ಆಡಿಕೊಂಡು ಹೋಗು" ಅಂತ ಬರೆದೆ. ರಾತ್ರಿ ರೈಲಿಗೆ ಟಿಕೆಟ್ ಬುಕ್ ಮಾಡಿದ್ದಾನೆ.